ಆ ಚೀಲ ಗಂಡಿನದಾ, ಹೆಣ್ಣಿನದಾ?

ಚಿಕ್ಕಪ್ಪ: (ವಿಡಿಯೋ) ದೇವರ ಸೃಷ್ಟಿ ನೋಡಿ! ಇದು ಘೋಸ್ಟ್ ಪೈಪ್‌ಫಿಶ್. ಇದರಲ್ಲಿ ಬಸಿರು ಹೊರುವುದು ಗಂಡು. ಎಲ್ಲರಿಗೂ ಕಳಿಸಿ 🙏

ಅತ್ತೆ: ಪುಣ್ಯ ಮಾಡಿದೆ ಕಣೋ ಆ ಹೆಣ್ಣು ಮೀನು 😄

ನಾನು: ಚಿಕ್ಕಪ್ಪ, ಹೆಸರು ಸರಿ. ಉಳಿದಿದ್ದು ತಪ್ಪು. ಇದರಲ್ಲಿ ಮೊಟ್ಟೆ ಹೊರುವುದು ಹೆಣ್ಣೇ.

ಚಿಕ್ಕಪ್ಪ: ಕಡಲಕುದುರೆಯಲ್ಲಿ ಗಂಡೇ ಹೆರುತ್ತೆ ಅಂತ ಸಣ್ಣ ಮಕ್ಕಳಿಗೂ ಗೊತ್ತು. ಇದೂ ಅದೇ ಪೈಕಿ. ಮೂತಿ ನೋಡು, ಕೊಳವೆ ಥರ ಇಲ್ವಾ?

ನಾನು: ಕಡಲಕುದುರೆ, ಮಾಮೂಲಿ ಪೈಪ್‌ಫಿಶ್ ಎರಡರಲ್ಲೂ ಗಂಡೇ ಹೊರುತ್ತದೆ, ಒಪ್ಪಿದೆ. ಇದು ಅವುಗಳ ನೆಂಟ ಅಷ್ಟೇ, ಕುಟುಂಬ ಬೇರೆ. ಮೂತಿ ಹೋಲುತ್ತದೆ ಅಂತ ಮನೆ ಪದ್ಧತಿಯೂ ಒಂದೇ ಆಗಬೇಕಾ?

ಅಕ್ಕ: ಸುಮ್ನೆ ವಾದ ಬೇಡ. ಗುರುತು ಹೇಳು.

ನಾನು: ದೊಡ್ಡ ಮೀನು ಪಕ್ಕಕ್ಕೆ ತಿರುಗಿದಾಗ ವಿಡಿಯೋ ನಿಲ್ಲಿಸಿ. ಹೊಟ್ಟೆಯಡಿ ಎರಡು ಅಗಲದ ರೆಕ್ಕೆ ಇವೆ, ಬೊಗಸೆ ಮಾಡಿದ ಹಾಗೆ ಸೇರಿಕೊಂಡಿವೆ. ಅದೇ ಚೀಲ. ಕಡಲಕುದುರೆಗೆ, ಪೈಪ್‌ಫಿಶ್‌ಗೆ ಆ ಜಾಗದಲ್ಲಿ ರೆಕ್ಕೆಯೇ ಇಲ್ಲ. ಚೀಲದೊಳಗೆ ಮೊಟ್ಟೆಗಳು ಸಣ್ಣ ಸಣ್ಣ ತೊಟ್ಟುಗಳಿಗೆ ಅಂಟಿಕೊಂಡಿವೆ. ಜೂಮ್ ಮಾಡಿ, ಕಪ್ಪು ಚುಕ್ಕೆ ಕಾಣುತ್ತವೆ. ಅವು ಮರಿಗಳ ಕಣ್ಣು.

ಅತ್ತೆ: ಅಯ್ಯೋ ಹೌದಲ್ಲೋ! ಪಕ್ಕದಲ್ಲಿ ಚಿಕ್ಕದೊಂದು ಇದೆಯಲ್ಲ, ಅದು ಮರಿಯಾ?

ನಾನು: ಅಲ್ಲ ಅತ್ತೆ, ಅದೇ ಗಂಡು. ಹೆಣ್ಣಿಗಿಂತ ಚಿಕ್ಕದು.

ಚಿಕ್ಕಪ್ಪ: ಎರಡೂ ತಲೆಕೆಳಗಾಗಿ ನೇತಾಡುತ್ತಿವೆ. ಸತ್ತಿವೆಯೋ ಏನೋ. ಅದನ್ನು ನೋಡಿ ನೀನು ತೀರ್ಪು ಕೊಡ್ತೀಯಾ?

ನಾನು: ಅವು ಇರುವುದೇ ಹಾಗೆ. ಹವಳದ ಕೊಂಬೆಗಳ ಪಕ್ಕ ತಾವೂ ಒಂದು ಚೂರು ಕೊಂಬೆ ಅನ್ನುವ ಹಾಗೆ ತೂಗುತ್ತಾ ನಿಲ್ಲುತ್ತವೆ. ಸಿಗಡಿಯಂಥ ಪುಟ್ಟ ಜೀವಿ ಹತ್ತಿರ ಬಂದರೆ ಮೂತಿಯಿಂದ ಸರ್ ಅಂತ ಹೀರಿಬಿಡುತ್ತವೆ. ಈ ಬಣ್ಣದ ಜಾತಿ ಕೆಂಪು ಸಮುದ್ರದಿಂದ ಫಿಜಿವರೆಗೂ ಇದೆ, ಉದ್ದ ಸುಮಾರು 12 ಸೆಂ.ಮೀ. ಇದಕ್ಕೆ 1770ರಲ್ಲಿ ಪ್ರಾಣಿವಿಜ್ಞಾನಿ ಪಲ್ಲಾಸ್ ಇಟ್ಟ ಹೆಸರು 'ಪ್ಯಾರಡಾಕ್ಸಸ್'. ಅಂದರೆ ಅಂದುಕೊಂಡಿದ್ದಕ್ಕೆ ಉಲ್ಟಾ. ನಿಮ್ಮ ಫಾರ್ವರ್ಡ್‌ಗೂ ಒಪ್ಪುತ್ತೆ ಚಿಕ್ಕಪ್ಪ.

ಅಕ್ಕ: 😂😂

(ಈ ಸಂದೇಶವನ್ನು ಅಳಿಸಲಾಗಿದೆ)

ಅತ್ತೆ: ಅಳಿಸಿದ್ಯಾಕೋ? ಮೀನು ಚೆನ್ನಾಗಿತ್ತು. ಬರಹ ತೆಗೆದು ವಿಡಿಯೋ ಮಾತ್ರ ಹಾಕು.

ಚಿಕ್ಕಪ್ಪ: ಹಾಕ್ತೀನಿ. ಮೊದಲು ಇನ್ನೂ ಮೂರು ಗುಂಪಿನಲ್ಲಿ ಅಳಿಸಬೇಕು.