ಲಿನಕ್ಸ್ ಮಿಂಟ್ ಪೆನ್‌ಡ್ರೈವ್ ಅರ್ಧಕ್ಕೇ ನಿಲ್ಲುತ್ತಿದೆ: ದೋಷ ಪೆನ್‌ಡ್ರೈವಿನದೋ, ಫೈಲಿನದೋ?

ಬೇಣದಂಚು, ಶಿರಸಿ:

ಎಲ್ಲರಿಗೂ ನಮಸ್ಕಾರ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲವಾದ್ದರಿಂದ ವಿಂಡೋಸ್ 11ಕ್ಕೆ ಹೋಗುವಂತಿಲ್ಲ. ರ‍್ಯಾಮ್ ಇರುವುದು 4 ಜಿಬಿ. ಹಾಗಾಗಿ ವಿಂಡೋಸ್ ಬದಲಿಗೆ ಬಳಸಬಹುದಾದ ಲಿನಕ್ಸ್ ಮಿಂಟ್ 22 ಎಂಬ ಉಚಿತ ವ್ಯವಸ್ಥೆಯ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಹಾಕಿಕೊಳ್ಳಲು ಹೊರಟಿದ್ದೇನೆ.

ನಮ್ಮ ಮನೆಯೊಳಗೆ ಸಿಗ್ನಲ್ ಬರುವುದಿಲ್ಲ, ಮೇಲಿನ ಬೇಣ ಹತ್ತಿದರೆ ಮಾತ್ರ ಸಿಗುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ಮಿತಿ ಇರುವುದರಿಂದ, ಸುಮಾರು ಮೂರು ಜಿಬಿಯ ಐಎಸ್‌ಒ ಫೈಲನ್ನು (ಇನ್‌ಸ್ಟಾಲ್ ಡಿಸ್ಕಿನ ಪೂರ್ತಿ ನಕಲು) ಮೂರು ಸಂಜೆ ಅಲ್ಲಿ ಕೂತು, ನಡುನಡುವೆ ನಿಂತಾಗಲೆಲ್ಲ ಮುಂದುವರಿಸುತ್ತ ಮೊಬೈಲಿಗೆ ಇಳಿಸಿಕೊಂಡೆ. ಮೊದಲು ಅದನ್ನು ಪೆನ್‌ಡ್ರೈವ್‌ಗೆ ಸುಮ್ಮನೆ ಕಾಪಿ ಮಾಡಿದ್ದೆ. ಲ್ಯಾಪ್‌ಟಾಪ್ ಅದನ್ನು ಕಂಡೇ ಇಲ್ಲವೆಂಬಂತೆ ವಿಂಡೋಸ್ ತೆರೆಯಿತು. ಆಮೇಲೆ ಪರಿಚಿತರೊಬ್ಬರ ಮಾತಿನಂತೆ, ಬೂಟ್ ಆಗುವ ಪೆನ್‌ಡ್ರೈವ್ ಮಾಡಿಕೊಡುವ ರೂಫಸ್ ತಂತ್ರಾಂಶದಲ್ಲಿ ಬರೆದೆ. ಈಗ ಮಿಂಟ್‌ನ ಮೆನು ಬರುತ್ತದೆ, ಆದರೆ ಸ್ವಲ್ಪ ಹೊತ್ತಿಗೆ ಕಪ್ಪು ಪರದೆಯ ಮೇಲೆ ಸ್ಕ್ವಾಷ್‌ಎಫ್‌ಎಸ್ ಎರರ್ ಎಂಬ ಸಾಲುಗಳು ಒಂದರ ಹಿಂದೊಂದು ಬಂದು ಅಲ್ಲಿಗೇ ನಿಲ್ಲುತ್ತದೆ. ಹೊಸ ಪೆನ್‌ಡ್ರೈವ್ ಕೊಳ್ಳಬೇಕೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಕಾಳಿತೀರ, ಕಾರವಾರ:

ಪೆನ್‌ಡ್ರೈವ್ ಕೊಳ್ಳಲು ಪೇಟೆಗೆ ಇಳಿಯುವ ಮೊದಲು ಫೈಲನ್ನು ಪರೀಕ್ಷಿಸಿ. ನಿಂತು ನಿಂತು ಇಳಿದ ಫೈಲಿನ ಮೇಲೆಯೇ ನನಗೆ ಹೆಚ್ಚು ಅನುಮಾನ. ಮಿಂಟ್‌ನ ಇಡೀ ವ್ಯವಸ್ಥೆ ಆ ಐಎಸ್‌ಒ ಒಳಗೆ ಸ್ಕ್ವಾಷ್‌ಎಫ್‌ಎಸ್ ಎಂಬ ಒತ್ತಿಟ್ಟ ಗಂಟಿನ ರೂಪದಲ್ಲಿ ಇರುತ್ತದೆ. ಮೆನು ಮತ್ತು ಕರ್ನೆಲ್ (ವ್ಯವಸ್ಥೆಯ ತಿರುಳು) ಆ ಗಂಟಿನ ಹೊರಗಿರುವ ಸಣ್ಣ ಫೈಲುಗಳಾದ್ದರಿಂದ ಅವು ಸರಿಯಾಗಿ ತೆರೆದುಕೊಳ್ಳುತ್ತವೆ. ಗಂಟನ್ನು ಬಿಚ್ಚುತ್ತ ಹೋಗಿ ಕೆಟ್ಟ ಭಾಗಕ್ಕೆ ತಲುಪಿದಾಗ ನೀವು ಹೇಳಿದ ಸಾಲುಗಳು ಬರುತ್ತವೆ. ಹಾಳಾದ ಪೆನ್‌ಡ್ರೈವ್ ಕೂಡ ಇದೇ ಲಕ್ಷಣ ತೋರಿಸುವುದುಂಟು, ಆದರೆ ಫೈಲಿನ ಪರೀಕ್ಷೆಗೆ ಕಾಸು ಖರ್ಚಿಲ್ಲ.

ರೂಫಸ್‌ನಲ್ಲಿ ಐಎಸ್‌ಒ ಆರಿಸಿದ ಮೇಲೆ ಪಕ್ಕದಲ್ಲಿ ಸರಿ ಗುರುತಿನ ಸಣ್ಣ ಬಟನ್ ಕಾಣುತ್ತದೆ. ಅದನ್ನು ಒತ್ತಿದರೆ ಎಸ್‌ಎಚ್‌ಎ256 ಎಂಬ ಸಾಲಿನಲ್ಲಿ ಫೈಲಿನ ಬೆರಳಚ್ಚಿನಂಥ 64 ಅಕ್ಷರ, ಅಂಕೆಗಳ ಮೊತ್ತವೊಂದು ಬರುತ್ತದೆ. ಮಿಂಟ್ ತನ್ನ ತಾಣದಲ್ಲಿ ಪ್ರಕಟಿಸಿರುವ ಮೊತ್ತದ ಜೊತೆ ಅದನ್ನು ಪೂರ್ತಿಯಾಗಿ ಹೋಲಿಸಿ. ಒಂದು ಬಿಟ್ ತಪ್ಪಿದ್ದರೂ ಇಡೀ ಸಾಲೇ ಬೇರೆಯಾಗುವುದರಿಂದ ವ್ಯತ್ಯಾಸ ಕಣ್ಣಿಗೆ ಹೊಡೆದು ಕಾಣುತ್ತದೆ.

ಮೊತ್ತ ಹೊಂದದಿದ್ದರೆ ಮೂರು ಜಿಬಿಯನ್ನು ಮತ್ತೆ ಇಳಿಸಲು ಬೇಣ ಹತ್ತಬೇಕಾಗಿಲ್ಲ. ಅದೇ ಆವೃತ್ತಿಯ ಟೊರೆಂಟ್ ಫೈಲು ಮಿಂಟ್ ತಾಣದಲ್ಲೇ ಸಿಗುತ್ತದೆ. ಕ್ಯುಬಿಟ್‌ಟೊರೆಂಟ್‌ನಂಥ ತಂತ್ರಾಂಶದಲ್ಲಿ ಅದನ್ನು ಸೇರಿಸಿ, ಇಳಿಸುವ ಜಾಗವಾಗಿ ನಿಮ್ಮ ಹಳೆಯ ಐಎಸ್‌ಒ ಇರುವ ಫೋಲ್ಡರನ್ನೇ ತೋರಿಸಿ, ಫೋರ್ಸ್ ರೀಚೆಕ್ ಕೊಡಿ. ಟೊರೆಂಟ್ ಫೈಲನ್ನು ಸಣ್ಣ ಸಣ್ಣ ತುಂಡುಗಳಾಗಿ ಎಣಿಸುವುದರಿಂದ ಸರಿಯಿರುವ ತುಂಡುಗಳನ್ನು ಹಾಗೆಯೇ ಉಳಿಸಿಕೊಂಡು, ಕೆಟ್ಟವನ್ನು ಮಾತ್ರ ತರಿಸಿಕೊಳ್ಳುತ್ತದೆ. ಹಳೆಯ ಫೈಲಿನ ಹೆಸರು ಮಾತ್ರ ಮೂಲದಲ್ಲಿದ್ದಂತೆಯೇ ಇರಬೇಕು. ಮೊಬೈಲು ಕೊನೆಗೆ ಒಂದು, ಎರಡು ಎಂದು ಬಾಲ ಸೇರಿಸಿದ್ದರೆ ತೆಗೆದುಹಾಕಿ.

ಇನ್ನೊಂದು ಮಾತು. ಬರೆಯುವಾಗ ಬೇರೆ ಯಾವ ಡ್ರೈವನ್ನೂ ಸಿಕ್ಕಿಸಿಡಬೇಡಿ. ಹೊರಗಿನ ಹಾರ್ಡ್ ಡಿಸ್ಕುಗಳನ್ನು ರೂಫಸ್ ತಾನಾಗಿ ಪಟ್ಟಿಯಲ್ಲಿ ತೋರಿಸುವುದಿಲ್ಲ, ಆದರೆ ಲಿನಕ್ಸ್‌ನ ಡಿಡಿ ಎಂಬ ಬರೆಯುವ ಆಜ್ಞೆಗೆ ಆ ದಾಕ್ಷಿಣ್ಯ ಇಲ್ಲ. ಡ್ರೈವಿನ ಹೆಸರನ್ನು ಎಸ್‌ಡಿಸಿ ಎಂದು ಬರೆಯುವಲ್ಲಿ ಎಸ್‌ಡಿಬಿ ಎಂದು ಬರೆದು, ಮೂರು ವರ್ಷ ಕೂಡಿಟ್ಟ ತಾಳಮದ್ದಲೆಯ ಧ್ವನಿಮುದ್ರಣಗಳಿದ್ದ ಡಿಸ್ಕಿನ ಮೇಲೆ ನಾನು ಐಎಸ್‌ಒ ಬರೆದದ್ದುಂಟು. ಈಗ ಪ್ರತಿ ಸಲವೂ ಮೊದಲು ಡ್ರೈವುಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ ಕೊಟ್ಟು, ಗಾತ್ರ ನೋಡಿ, ಇನ್ನೊಮ್ಮೆ ನೋಡಿ, ಆಮೇಲೆ ಎಂಟರ್ ಒತ್ತುತ್ತೇನೆ.

ಲ್ಯಾಬ್ ಮೇಷ್ಟ್ರು, ಕುಮಟಾ:

ಕಾರವಾರದವರ ಮಾತು ಸರಿಯಾಗಿದೆ. ಫೈಲು ಸರಿಹೋದ ಮೇಲಿನ ಕೆಲಸದ ಬಗ್ಗೆ ನಾಲ್ಕು ಮಾತು ಸೇರಿಸುತ್ತೇನೆ.

ರೂಫಸ್ ಬರೆಯುವ ಮುನ್ನ ಐಎಸ್‌ಒ ಮೋಡ್ ಬೇಕೇ, ಡಿಡಿ ಮೋಡ್ (ಐಎಸ್‌ಒವನ್ನು ಇದ್ದಂತೆಯೇ ನಕಲಿಸುವುದು) ಬೇಕೇ ಎಂದು ಕೇಳುತ್ತದೆ. ಮೊದಲನೆಯದನ್ನೇ ಆರಿಸಿ, ಅದು ಬೂಟ್ ಆಗದಿದ್ದರೆ ಮಾತ್ರ ಎರಡನೆಯದಕ್ಕೆ ಹೋಗಿ. ಡಿಡಿ ಮೋಡ್‌ನಲ್ಲಿ ಬರೆದ ಪೆನ್‌ಡ್ರೈವನ್ನು ವಿಂಡೋಸ್ ಓದಲಾರದೆ ಫಾರ್ಮ್ಯಾಟ್ ಮಾಡಲೇ ಎಂದು ಕೇಳುವುದುಂಟು. ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಅದಕ್ಕೆ ಹೌದು ಎಂದು ಒತ್ತಿ, ಪೆನ್‌ಡ್ರೈವ್ ಬೂಟ್ ಆಗುತ್ತಿಲ್ಲ ಸರ್ ಎಂದು ಬಂದು ನಿಲ್ಲುತ್ತಾರೆ.

ಬೂಟ್ ಮೆನುವಿಗೆ ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ವಿಂಡೋಸ್‌ನಲ್ಲಿ ಶಟ್‌ಡೌನ್ ಕೊಡುವ ಬದಲು ರೀಸ್ಟಾರ್ಟ್ ಕೊಟ್ಟು ಕೀ ಒತ್ತಿ. ಫಾಸ್ಟ್ ಸ್ಟಾರ್ಟಪ್ ಇದ್ದಾಗ ಶಟ್‌ಡೌನ್ ಎಂಬುದು ಅರ್ಧ ನಿದ್ದೆಯೇ ಹೊರತು ಪೂರ್ಣ ವಿರಾಮವಲ್ಲ. ಮಿಂಟ್ ತೆರೆದ ಮೇಲೆ ಕೂಡಲೇ ಇನ್‌ಸ್ಟಾಲ್ ಒತ್ತಬೇಡಿ. ಪೆನ್‌ಡ್ರೈವ್‌ನಿಂದಲೇ ಅರ್ಧ ತಾಸು ನಡೆಸಿ ವೈಫೈ, ಧ್ವನಿ, ಟಚ್‌ಪ್ಯಾಡ್ ನೋಡಿಕೊಳ್ಳಿ. ವೈಫೈ ಹಿಡಿಯದಿದ್ದರೆ ಮೊಬೈಲನ್ನು ತಂತಿಯಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಹಾಕಿದರೆ ಸಾಕು.

ವಿಂಡೋಸ್ ಅಳಿಸುವ ಮುನ್ನ ಮುಖ್ಯವಾದ ಕೆಲಸವೊಂದಿದೆ. ನಿಮ್ಮಲ್ಲಿ ಹಳೆಯ ನುಡಿ ತಂತ್ರಾಂಶದಲ್ಲಿ ಬರೆದ, ಯೂನಿಕೋಡ್ ಅಲ್ಲದ ಕಡತಗಳಿದ್ದರೆ ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟುಗಳನ್ನು ತೆಗೆದಿಟ್ಟುಕೊಳ್ಳಿ. ಅವಿಲ್ಲದಿದ್ದರೆ ಮಿಂಟ್‌ನಲ್ಲಿ ಆ ಕಡತಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಹೊಸದಾಗಿ ಬರೆಯಲು ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡ ಕಗಪ ವಿನ್ಯಾಸ ಮೊದಲೇ ಇರುತ್ತದೆ.

ಬೇಣದಂಚು, ಶಿರಸಿ:

ಇಬ್ಬರಿಗೂ ಧನ್ಯವಾದ. ಮೊತ್ತ ಹೊಂದಲಿಲ್ಲ. ರೀಚೆಕ್ ಕೊಟ್ಟಾಗ ಶೇಕಡ 99.6ಕ್ಕೆ ನಿಂತಿತು, ಲ್ಯಾಪ್‌ಟಾಪನ್ನೇ ಬೇಣಕ್ಕೆ ಹೊತ್ತುಕೊಂಡು ಹೋಗಿ, ಕೊಡೆಯ ಕೆಳಗೆ ಕೂತು ಉಳಿದ ಹನ್ನೊಂದು ಎಂಬಿಯನ್ನು ಇಳಿಸಿದೆ. ಅದೇ ಹಳೆಯ ಪೆನ್‌ಡ್ರೈವ್‌ಗೆ ಮತ್ತೆ ಬರೆದದ್ದು ಈಗ ಪೂರ್ತಿ ತೆರೆಯುತ್ತಿದೆ, ವೈಫೈಯೂ ಹಿಡಿಯುತ್ತಿದೆ. ಬ್ಯಾಟರಿ ಸತ್ತಿರುವುದರಿಂದ, ಈ ಮಳೆಯಲ್ಲಿ ಇನ್‌ಸ್ಟಾಲ್ ನಡುವೆ ಕರೆಂಟ್ ಹೋದರೆ ಕಷ್ಟವೆಂದು ಇನ್‌ವರ್ಟರ್ ಇರುವ ಅತ್ತೆಮನೆಗೆ ಭಾನುವಾರ ಒಯ್ಯುತ್ತೇನೆ. ಅಡಿಕೆ ಲೆಕ್ಕದ ಕಡತಗಳೆಲ್ಲ ನುಡಿಯಲ್ಲೇ ಇದ್ದವು, ಫಾಂಟುಗಳನ್ನು ತೆಗೆದಿಟ್ಟಿದ್ದೇನೆ.