ಎಫ್‌ಬಿಐನ ಹೂವರ್: ಚಳವಳಿಗಳನ್ನು ಹತ್ತಿಕ್ಕಿದ್ದು ಒಬ್ಬ ಅಧಿಕಾರಿಯಾ, ಇಡೀ ಸರ್ಕಾರವಾ?

ಪ್ರಶ್ನೆ: ಚೈತ್ರ_ಎಂಎ

ಎಲ್ಲರಿಗೂ ನಮಸ್ಕಾರ. ಇತಿಹಾಸ ಎಂ.ಎ. ಮಾಡುತ್ತಿದ್ದೇನೆ. ಅಮೆರಿಕದ ನಾಗರಿಕ ಹಕ್ಕುಗಳ ಚಳವಳಿ ಬಗ್ಗೆ ನನ್ನ ಸೆಮಿನಾರ್ ಇದೆ. ಯಾವ ಪುಟ ತೆಗೆದರೂ ಜೆ. ಎಡ್ಗರ್ ಹೂವರ್ ಸಿಗುತ್ತಾನೆ. 1924ರಲ್ಲಿ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐಗೆ ನಿರ್ದೇಶಕನಾದವನು 1972ರಲ್ಲಿ ಸಾಯುವ ತನಕ ಅದೇ ಕುರ್ಚಿಯಲ್ಲಿದ್ದ. ಅಷ್ಟರಲ್ಲಿ ಎಂಟು ಅಧ್ಯಕ್ಷರು ಆಡಳಿತ ನಡೆಸಿದರು.

ನನ್ನ ಗೊಂದಲ ಇಷ್ಟೇ. ಮಾರ್ಟಿನ್ ಲೂಥರ್ ಕಿಂಗ್ ಅವರ ಫೋನ್ ಕದ್ದು ಕೇಳಲು ಸಹಿ ಹಾಕಿದ್ದು ಅಟಾರ್ನಿ ಜನರಲ್, ಅಂದರೆ ಎಫ್‌ಬಿಐ ಸೇರಿದ ನ್ಯಾಯ ಇಲಾಖೆಯ ಮುಖ್ಯಸ್ಥ, ರಾಬರ್ಟ್ ಕೆನಡಿ. ಹಾಗಿರುವಾಗ ಎಲ್ಲವನ್ನೂ ಹೂವರ್ ತಲೆಗೆ ಕಟ್ಟುವುದು ಸರಿಯಾ? ಮೇಲಿನವರು ಹೇಳಿದ್ದನ್ನು ಮಾಡಿದ ಅಧಿಕಾರಿ ಅನ್ನಬಹುದಲ್ವಾ?

ಉತ್ತರ: ಮಂಜು_ಹಾಸನ

ಸಹಿ ಕೆನಡಿಯದ್ದೇ, 1963ರ ಅಕ್ಟೋಬರ್ 10ರಂದು. ಆದರೆ ಅದು ಫೋನಿಗೆ ಮಾತ್ರ. 1964ರ ಜನವರಿಯಿಂದ ಕಿಂಗ್ ಉಳಿದುಕೊಳ್ಳುತ್ತಿದ್ದ ಹೋಟೆಲ್ ಕೋಣೆಗಳಲ್ಲಿ ಎಫ್‌ಬಿಐನವರು ಮೈಕ್ ಅಡಗಿಸಿಡಲು ಶುರು ಮಾಡಿದರು. ಅದಕ್ಕೆ ಕೆನಡಿಯನ್ನು ಕೇಳಲೇ ಇಲ್ಲ.

ಉತ್ತರ: ಹಳೇ_ಗುಮಾಸ್ತ

ಚೈತ್ರಾ ಅವರೇ, ನಾನು ಸರ್ಕಾರಿ ಕಚೇರಿಯ ರೆಕಾರ್ಡ್ ರೂಮಿನಲ್ಲಿದ್ದು ನಿವೃತ್ತನಾದವನು. ಸಹಿ ಯಾರದ್ದು ಅಂತ ಆಮೇಲೆ ನೋಡೋಣ. ಆ ಕಡತ ಸಹಿಯ ಮೇಜಿನ ತನಕ ಹೇಗೆ ಹೋಯಿತು ಅಂತ ಮೊದಲು ನೋಡಿ.

1963ರ ಆಗಸ್ಟ್ ತಿಂಗಳೊಂದನ್ನೇ ತೆಗೆದುಕೊಳ್ಳಿ. ಆಗ ಎಫ್‌ಬಿಐನಲ್ಲಿ ದೇಶದೊಳಗಿನ ಗುಪ್ತಚರ ವಿಭಾಗದ ಮುಖ್ಯಸ್ಥ ವಿಲಿಯಂ ಸಲಿವನ್. ಕಪ್ಪು ಜನರ ಚಳವಳಿಯಲ್ಲಿ ಕಮ್ಯುನಿಸ್ಟರ ಕೈ ಎಷ್ಟಿದೆ ಅಂತ ಅವನ ವಿಭಾಗ 23ನೇ ತಾರೀಕು ವರದಿ ಕೊಟ್ಟಿತು. ಪಕ್ಷ ಪ್ರಯತ್ನವೇನೋ ಪಟ್ಟಿದೆ, ಹೇಳಿಕೊಳ್ಳುವಂಥ ಫಲ ಸಿಕ್ಕಿಲ್ಲ ಅನ್ನುವುದು ಅದರ ಸಾರ. ಹೂವರ್‌ಗೆ ಅದು ಹಿಡಿಸಲಿಲ್ಲ. ಕೈಯಾರೆ ಷರಾ ಬರೆದ. ಕ್ಯೂಬಾದಲ್ಲಿ ಕ್ಯಾಸ್ಟ್ರೋ ಅಧಿಕಾರ ಹಿಡಿದಾಗಲೂ ನೀವು ಹೀಗೇ ಅವನು ಕಮ್ಯುನಿಸ್ಟ್ ಅಲ್ಲ ಅಂದಿದ್ದಿರಿ, ಕಾಲವೇ ಅದನ್ನು ಸುಳ್ಳು ಮಾಡಿತು ಅಂತ. ವರದಿ ತಿದ್ದು ಅನ್ನುವ ಮಾತು ಅದರಲ್ಲಿಲ್ಲ.

28ಕ್ಕೆ ವಾಷಿಂಗ್ಟನ್‌ನಲ್ಲಿ ದೊಡ್ಡ ಮೆರವಣಿಗೆ, ಕಿಂಗ್ ಅವರ ಭಾಷಣ. 30ಕ್ಕೆ ಅದೇ ಸಲಿವನ್ ಇನ್ನೊಂದು ಟಿಪ್ಪಣಿ ಮಂಡಿಸಿದ. ನಿರ್ದೇಶಕರು ಹೇಳಿದ್ದೇ ಸರಿ, ನಾವು ಪೂರ್ತಿ ತಪ್ಪಿದ್ದೆವು, ದೇಶದ ಭದ್ರತೆಯ ದೃಷ್ಟಿಯಿಂದ ಕಿಂಗ್ ಅತ್ಯಂತ ಅಪಾಯಕಾರಿ ಕಪ್ಪು ಮನುಷ್ಯ ಅಂತ. ಒಂದೇ ವಾರ. ನಡುವೆ ಹೊಸ ಪುರಾವೆ ಏನೂ ಬಂದಿರಲಿಲ್ಲ. ಬಂದದ್ದು ಷರಾ ಮಾತ್ರ. ಕೆನಡಿಯ ಸಹಿ ಬಿದ್ದದ್ದು ಇದಾದ ಆರು ವಾರಕ್ಕೆ.

ಯಾಕೆ ಮಾತು ಬದಲಿಸಿದಿರಿ ಅನ್ನುವುದಕ್ಕೆ ಸಲಿವನ್ ಮುಂದೆ, ಗುಪ್ತಚರ ಸಂಸ್ಥೆಗಳ ಮೇಲೆ ತನಿಖೆ ಮಾಡಿದ ಸೆನೆಟ್ ಸಮಿತಿಗೆ ಕೊಟ್ಟ ಹೇಳಿಕೆ ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನಮ್ಮ ಹುಡುಗರು ಸಾಲ ಮಾಡಿ ಮನೆ ಕೊಂಡವರು, ಮಕ್ಕಳು ಶಾಲೆಗೆ ಹೋಗುತ್ತಿದ್ದರು, ಎಲ್ಲಿ ವರ್ಗ ಮಾಡಿಬಿಡುತ್ತಾರೋ ಅನ್ನುವ ಭಯ ಇತ್ತು ಅಂತ ಅವನು ಹೇಳಿದ. ವರ್ಗಾವಣೆಯ ಭಯ ಏನು ಅಂತ ಕಚೇರಿಯಲ್ಲಿ ಬಾಳಿದ ಯಾರನ್ನಾದರೂ ಕೇಳಿ. ಆ ಭಯದಲ್ಲಿ ಹುಟ್ಟಿದ ಕಾಗದ ಒಬ್ಬ ಮನುಷ್ಯನ ಬದುಕನ್ನೇ ಬೆನ್ನಟ್ಟಿತು. ಹೂವರ್ ಮಾಡಿದ್ದು ಏನು ಅಂದರೆ ನನ್ನ ಉತ್ತರ ಇದೇ. ತನಗೆ ಬೇಕಾದ ಉತ್ತರ ಮಾತ್ರ ಮೇಲೆ ಬರುವ ಇಲಾಖೆಯನ್ನು 48 ವರ್ಷ ಕೂತು ಕಟ್ಟಿದ.

ಕಾಗದ ಅವನಿಗೆ ಮೊದಲಿಂದ ಗೊತ್ತು. ಹುಡುಗನಾಗಿದ್ದಾಗ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಕೆಲಸಕ್ಕಿದ್ದವನು. 1919ರಲ್ಲಿ, 24ನೇ ವಯಸ್ಸಿಗೆ, ನ್ಯಾಯ ಇಲಾಖೆ ಎಡಪಂಥೀಯರ ಮೇಲೆ ಕಣ್ಣಿಡುವ ವಿಭಾಗ ಕೊಟ್ಟಾಗ ಅದೇ ಲೈಬ್ರರಿಯ ಥರ ಮನುಷ್ಯರಿಗೆ ಕಾರ್ಡ್ ಮಾಡಿಸಿದ. 'ಡು ನಾಟ್ ಫೈಲ್' ಅನ್ನುವ ಪದ್ಧತಿಯಂತೂ ನನಗೆ ಜೀರ್ಣವಾಗುವುದೇ ಇಲ್ಲ. ಯಾರದ್ದಾದರೂ ಮನೆಗೋ ಕಚೇರಿಗೋ ಕಳ್ಳತನದಿಂದ ನುಗ್ಗಲು ಅನುಮತಿ ಕೇಳುವ ಟಿಪ್ಪಣಿಗೆ ನಂಬರೇ ಹಾಕುತ್ತಿರಲಿಲ್ಲ. ಕಡತಕ್ಕೆ ಸೇರಿಸದೆ ಹಿರಿಯ ಅಧಿಕಾರಿಯ ಕೋಣೆಯಲ್ಲಿ ಬೇರೆ ಇಟ್ಟು, ಆಮೇಲೆ ನಾಶ ಮಾಡುತ್ತಿದ್ದರು. ರಿಜಿಸ್ಟರಿನಲ್ಲಿ ಕಾಣದ ಕಾಗದಕ್ಕೆ ನಾಳೆ ಯಾರು ಹೊಣೆ? ಮಾಡುತ್ತಿರುವುದು ತಪ್ಪು ಅಂತ ಗೊತ್ತಿದ್ದೇ ಮಾಡಿದ್ದಾರೆ ಅನ್ನಲು ನನಗೆ ಇದೊಂದೇ ಸಾಕು.

ಉತ್ತರ: ಕರಾವಳಿ_ಹುಡುಗ

ಸರ್, ಒಂದು ಕಡೆಯದ್ದೇ ಆಯಿತು. 1956ರಲ್ಲಿ ಕಮ್ಯುನಿಸ್ಟ್ ಪಕ್ಷದ ಮೇಲೆ ಶುರುವಾದ ಕೋಯಿನ್‌ಟೆಲ್‌ಪ್ರೋ ಅನ್ನುವ ಎಫ್‌ಬಿಐನ ಗುಪ್ತ ಕಾರ್ಯಾಚರಣೆಯನ್ನು 1964ರಲ್ಲಿ ಬಿಳಿಯರ ಹಿಂಸಾತ್ಮಕ ಗುಂಪು ಕು ಕ್ಲಕ್ಸ್ ಕ್ಲ್ಯಾನ್ ಮೇಲೂ ಬಳಸಿದರು. ಚರ್ಚ್‌ಗಳಿಗೆ ಬಾಂಬ್ ಇಡುತ್ತಿದ್ದ ಕಾಲ ಅದು. ಪೊಲೀಸರು ಕೈಕಟ್ಟಿ ಕೂರಬೇಕಿತ್ತಾ?

ಉತ್ತರ: ಹಳೇ_ಗುಮಾಸ್ತ

ಕೂರಬಾರದು. 1964ರಲ್ಲಿ ಮಿಸಿಸಿಪ್ಪಿಯಲ್ಲಿ ಮೂವರು ಹಕ್ಕುಗಳ ಕಾರ್ಯಕರ್ತರ ಕೊಲೆಯಾಯಿತು. ಎಫ್‌ಬಿಐ ತನಿಖೆ ಮಾಡಿತು, ಕೇಸು ಕೋರ್ಟಿಗೆ ಹೋಯಿತು, 1967ರಲ್ಲಿ ಏಳು ಜನ ತಪ್ಪಿತಸ್ಥರು ಅಂತ ತೀರ್ಪಾಯಿತು. ಅದು ಪೊಲೀಸ್ ಕೆಲಸ, ನನಗೂ ಗೌರವ ಇದೆ.

ಕೋಯಿನ್‌ಟೆಲ್‌ಪ್ರೋದಲ್ಲಿ ಕೋರ್ಟೇ ಇಲ್ಲ. ಊರೂರಿನ ಕಚೇರಿಗಳು ಪ್ರಸ್ತಾವ ಕಳಿಸಬೇಕು, ಕೇಂದ್ರ ಕಚೇರಿ ಒಪ್ಪಬೇಕು, ಫಲ ಏನು ಬಂತು ಅಂತ ಮತ್ತೆ ವರದಿ ಹೋಗಬೇಕು. ಗಂಡ ಹೆಂಡತಿ ನಡುವೆ ಅನುಮಾನ ಹುಟ್ಟಿಸುವ ಪತ್ರ, ಕೆಲಸದಿಂದ ತೆಗೆಸುವ ಪತ್ರ, ಎರಡು ಗುಂಪುಗಳನ್ನು ಹೊಡೆದಾಡಿಸುವ ಪತ್ರ. ಇಂಥ ಪ್ರಸ್ತಾವಗಳಲ್ಲಿ ಜಾರಿಗೆ ಬಂದದ್ದು 2,370 ಅಂತ ಸೆನೆಟ್ ಸಮಿತಿ ಎಣಿಸಿದೆ. ಕ್ಲ್ಯಾನ್ ಮೇಲೆ ಮಾಡಿದರೂ ಅದು ಕಾನೂನಾಗುವುದಿಲ್ಲ.

ಕಿಂಗ್ ಅವರಿಗೆ 1964ರ ನವೆಂಬರಿನಲ್ಲಿ ಕಳಿಸಿದ ಪೊಟ್ಟಣದಲ್ಲಿ ಒಂದು ಟೇಪು, ಒಂದು ಹೆಸರಿಲ್ಲದ ಪತ್ರ. ಕಪ್ಪು ಮನುಷ್ಯನೇ ಬರೆದ ಹಾಗೆ ಎಫ್‌ಬಿಐ ಒಳಗೆ ಟೈಪಾದದ್ದು. ನಿನಗೆ 34 ದಿನ ಇದೆ, ಉಳಿದಿರುವ ದಾರಿ ಒಂದೇ ಅಂತ. ಸಾಯಲು ಹೇಳುತ್ತಿದ್ದಾರೆ ಅಂತ ಕಿಂಗ್ ಅವರಿಗೆ ಅರ್ಥವಾಯಿತು. ಪೊಟ್ಟಣ ಬಿಚ್ಚಿದವರು ಅವರ ಹೆಂಡತಿ ಕೊರೆಟ್ಟಾ.

ಕಪ್ಪು ಜನರ ಹೋರಾಟದ ಪಕ್ಷವಾದ ಬ್ಲ್ಯಾಕ್ ಪ್ಯಾಂಥರ್‌ನ ಷಿಕಾಗೋ ಮುಖಂಡ ಫ್ರೆಡ್ ಹ್ಯಾಂಪ್ಟನ್‌ಗೆ 21 ವರ್ಷ. ಅವನ ಗುಂಪಿನಲ್ಲೇ ಇದ್ದ ಎಫ್‌ಬಿಐ ಮಾಹಿತಿದಾರ ಮನೆಯ ನಕ್ಷೆ ಬರೆದುಕೊಟ್ಟ, ಹಾಸಿಗೆ ಎಲ್ಲಿದೆ ಅನ್ನುವುದೂ ಅದರಲ್ಲಿತ್ತು. 1969ರ ಡಿಸೆಂಬರ್ 4ರ ನಸುಕಿಗೆ ಪೊಲೀಸರು ನುಗ್ಗಿ ಗುಂಡು ಹಾರಿಸಿ ಅವನನ್ನು ಕೊಂದರು. ಪಕ್ಕದಲ್ಲಿ ತುಂಬು ಗರ್ಭಿಣಿ ಸಂಗಾತಿ ಮಲಗಿದ್ದಳು. ಮಾಹಿತಿದಾರನಿಗೆ 300 ಡಾಲರ್ ಬಹುಮಾನ ಮಂಜೂರಾಯಿತು. ಅದೂ ಕಡತದಲ್ಲಿದೆ. ಇದನ್ನು ಬರೆಯುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಚೈತ್ರ_ಎಂಎ

ಸರ್, ತುಂಬಾ ಥ್ಯಾಂಕ್ಸ್. ಇಷ್ಟೆಲ್ಲ ಮುಚ್ಚಿಟ್ಟದ್ದು ಹೊರಗೆ ಬಂದದ್ದು ಹೇಗೆ?

ಉತ್ತರ: ಹಳೇ_ಗುಮಾಸ್ತ

ಪೆನ್ಸಿಲ್ವೇನಿಯಾದ ಮೀಡಿಯಾ ಅನ್ನುವ ಸಣ್ಣ ಊರಿನಲ್ಲಿ ಎಫ್‌ಬಿಐಗೆ ಒಂದು ಚಿಕ್ಕ ಕಚೇರಿ ಇತ್ತು. 1971ರ ಮಾರ್ಚ್ 8ರ ರಾತ್ರಿ ದೇಶವೆಲ್ಲ ಅಲಿ-ಫ್ರೇಜಿಯರ್ ಬಾಕ್ಸಿಂಗ್‌ನಲ್ಲಿ ಮುಳುಗಿದ್ದಾಗ ಎಂಟು ಜನ ಬೀಗ ಮುರಿದು ಕಡತಗಳನ್ನು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಹೋದರು. ಒಬ್ಬರು ಭೌತಶಾಸ್ತ್ರದ ಮೇಷ್ಟ್ರು, ಇನ್ನೊಬ್ಬರು ಧರ್ಮಶಾಸ್ತ್ರ ಪಾಠ ಮಾಡುವವರು. ಪ್ರತಿಗಳನ್ನು ಪತ್ರಿಕೆಗಳಿಗೆ ಅಂಚೆಯಲ್ಲಿ ಕಳಿಸಿದರು. ಅದರಲ್ಲಿದ್ದ ಒಂದು ರವಾನೆ ಚೀಟಿಯ ಮೇಲೆ ಕೋಯಿನ್‌ಟೆಲ್‌ಪ್ರೋ ಅಂತ ಬರೆದಿತ್ತು. ಏನಿದು ಅಂತ ಕೇಳುತ್ತಾ ಎನ್‌ಬಿಸಿ ಟಿವಿಯ ವರದಿಗಾರ ಕಾರ್ಲ್ ಸ್ಟರ್ನ್ ಕೋರ್ಟಿಗೆ ಹೋದರು, 1973ರಲ್ಲಿ ಕಾಗದ ಸಿಕ್ಕಿತು. ಆ ಎಂಟು ಜನರಲ್ಲಿ ಯಾರೂ ಸಿಕ್ಕಿಬೀಳಲಿಲ್ಲ. 1976ರಲ್ಲಿ ಕಾನೂನು ಬಂದು ನಿರ್ದೇಶಕರ ಅವಧಿ ಹತ್ತು ವರ್ಷ ಅಂತಾಯಿತು.

ಹೂವರ್ ಸತ್ತ ಮೇಲೆ ಅವನ ಖಾಸಗಿ ಕಡತಗಳನ್ನು ಕಾರ್ಯದರ್ಶಿ ಹೆಲೆನ್ ಗ್ಯಾಂಡಿ ನಾಶ ಮಾಡಿಸಿದರು. ಹಾಗಾಗಿ ಸೆಮಿನಾರಿನಲ್ಲಿ ಉಳಿದಿರುವ ಕಾಗದ ಹಿಡಿದೇ ಮಾತಾಡಿ. ಆಗಸ್ಟ್ 23 ಮತ್ತು 30ರ ಎರಡು ಟಿಪ್ಪಣಿಗಳನ್ನು ಅಕ್ಕಪಕ್ಕ ಹಾಕಿ ತೋರಿಸಿ. ಸೆನೆಟ್ ವರದಿಯ ಮೂರನೇ ಸಂಪುಟದಲ್ಲಿ ಕಿಂಗ್ ಬಗ್ಗೆ ಬೇರೆ ಅಧ್ಯಾಯವೇ ಇದೆ, ಸಲಿವನ್ ಹೇಳಿಕೆ ಅಲ್ಲಿ ಸಿಗುತ್ತದೆ.