ಮೊದಲ ಸಲ ಹಳೇ ಟ್ರಾಕ್ಟರ್ ರಿಪೇರಿ: ಎಚ್‌ಎಂಟಿನಾ, ಐಷರ್ರಾ?

ಚನ್ನಗಿರಿ ಹುಡುಗ:
ಎಲ್ಲರಿಗೂ ನಮಸ್ಕಾರ. ಅಡಿಕೆ ಕೊಯ್ಲು ಮುಗಿದು ಸ್ವಲ್ಪ ಬಿಡುವಾಗಿದೆ. ಒಂದು ಹಳೇ ಟ್ರಾಕ್ಟರ್ ತಂದು, ನಾನೇ ಪೂರ್ತಿ ಬಿಚ್ಚಿ, ಮೊದಲಿನ ಹಾಗೆ ಮಾಡಬೇಕು ಅಂತ ಬಹಳ ದಿನದ ಆಸೆ. ಉಳುಮೆಗಲ್ಲ, ಅದಕ್ಕೆ ಬೇರೆ ಗಾಡಿ ಇದೆ. ಬೈಕ್ ಇಂಜಿನ್ ಎರಡು ಸಲ ಬಿಚ್ಚಿದ್ದೇನೆ, ಅನುಭವ ಅಷ್ಟೇ.

ಎರಡು ನೋಡಿ ಬಂದೆ. ಒಂದು ಎಚ್‌ಎಂಟಿ 2511. ಎಂಟು ವರ್ಷದಿಂದ ಹುಣಸೆ ಮರದ ಕೆಳಗೆ ನಿಂತಿದೆ, ಇಂಜಿನ್ ಜಾಮ್. ಸೈಲೆನ್ಸರ್ ಬಾಯಿಗೆ ಒಂದು ಡಬ್ಬಿ ಕೂಡ ಮುಚ್ಚಿಲ್ಲ. 40 ಸಾವಿರ ಹೇಳ್ತಾರೆ. ಇನ್ನೊಂದು ಐಷರ್ 241. ಸ್ಟಾರ್ಟ್ ಆಗುತ್ತೆ, ಹೊಗೆ ಜಾಸ್ತಿ. 90 ಸಾವಿರಕ್ಕೆ ಕಮ್ಮಿ ಇಲ್ಲವಂತೆ.

ನಮ್ಮಜ್ಜನ ಹತ್ರ ಎಚ್‌ಎಂಟಿ ಇತ್ತು. ಅದರ ಮಡ್‌ಗಾರ್ಡ್ ಮೇಲೆ ಕೂತೇ ಬೆಳೆದವನು ನಾನು. ಮನಸ್ಸು ಅಲ್ಲೇ ಇದೆ. ಏನಂತೀರಿ?

ಹರಿಹರದ ಹಳೇ ಮೆಕ್ಯಾನಿಕ್:
ತಮ್ಮಾ, ಸೈಲೆನ್ಸರ್ ಬಾಯಿ ತೆರೆದಿತ್ತು ಅಂದ್ಯಲ್ಲ, ನನಗೆ ಅಲ್ಲೇ ಭಯ ಆಯ್ತು. ಎಂಟು ಮಳೆಗಾಲದ ನೀರು ಒಳಗಿಳಿದಿರುತ್ತೆ. ವಾಲ್ವ್ ತೆರೆದು ನಿಂತಿದ್ದರೆ ನೇರ ಪಿಸ್ಟನ್ ಮೇಲೆ. ನಾಜಲ್ (ಇಂಜಿನ್ ಒಳಗೆ ಡೀಸೆಲ್ ಚಿಮ್ಮಿಸೋ ಭಾಗ) ಬಿಚ್ಚಿ ಡೀಸೆಲ್ ಸುರಿದು ವಾರ ಬಿಟ್ಟು ನೋಡಬಹುದು. ಜಾಮ್ ಬಿಟ್ಟರೆ ಪುಣ್ಯ. ಅದಾದ ಮೇಲೂ ಬಿಡಿಭಾಗ ಹುಡುಕಬೇಕು, ಎಚ್‌ಎಂಟಿ ಟ್ರಾಕ್ಟರ್ ತಯಾರಿಕೆ 2016ರಲ್ಲೇ ಮುಚ್ಚೋ ತೀರ್ಮಾನ ಆಯ್ತು.

ಐಷರ್ ಟ್ರಾಕ್ಟರ್ 2005ರಲ್ಲಿ ಟಾಫೆ ಅನ್ನೋ ಇನ್ನೊಂದು ಟ್ರಾಕ್ಟರ್ ಕಂಪನಿ ಕೈಗೆ ಹೋದರೂ ಸಾಮಾನು ಸಿಗುತ್ತೆ. ಅದರದು ಗಾಳಿಯಲ್ಲಿ ತಣಿಯೋ ಇಂಜಿನ್. ರೇಡಿಯೇಟರ್ ಇಲ್ಲ, ನೀರಿನ ಪಂಪಿಲ್ಲ. ಒಂದೇ ಪಿಸ್ಟನ್, ಒಂದೇ ನಾಜಲ್. ಕಲಿಯೋನಿಗೆ ಇದಕ್ಕಿಂತ ಏನು ಬೇಕು? ತಗೊಳ್ಳೋ ಮುಂಚೆ ಗಾಳಿ ಹೋಗೋ ತಗಡಿನ ಕವರ್ ಬಿಚ್ಚಿಸಿ, ಒಳಗೆ ಕಸ ಕಟ್ಟಿದೆಯಾ ನೋಡು.

ಗಂಗಾವತಿ ರೈತ:
ಅಣ್ಣಾ, ಆ ಐಷರ್ ಗದ್ದೆಯಲ್ಲಿ ದುಡಿದ ಗಾಡಿನಾ ಕೇಳಿ. ಕೇಜ್ ವೀಲ್ (ಕೆಸರಿಗೆ ಹಾಕೋ ಕಬ್ಬಿಣದ ಚಕ್ರ) ಹಾಕಿ ಕೆಸರಲ್ಲಿ ಓಡಿಸಿದ್ರೆ ಆಕ್ಸಲ್ ಸೀಲ್ ಹೋಗಿ ನೀರು ಒಳಗೆ ಸೇರುತ್ತೆ. ಹಿಂದಿನ ಹೌಸಿಂಗ್ (ಗೇರ್ ಆಯಿಲ್ ಇರೋ ಪೆಟ್ಟಿಗೆ) ಕೆಳಗಿನ ಬೋಲ್ಟ್ ಸ್ವಲ್ಪ ಸಡಿಲಿಸಿ, ನೀರು ಬರುತ್ತಾ ನೋಡಿ. ನಾನು ಹೊಸ ಪೇಂಟ್ ನೋಡಿ ಮರುಳಾಗಿ ಒಂದು ಗಾಡಿ ತಂದಿದ್ದೆ. ಬೋಲ್ಟ್ ಬಿಚ್ಚಿದ್ರೆ ಗೇರ್ ಆಯಿಲ್ ಬದಲು ಹಾಲು ಹಾಕಿದ ಕಾಫಿ ಸುರೀತು! ಮಾರಿದವನು ಫೋನೇ ಎತ್ತಲಿಲ್ಲ. ಆರ್‌ಸಿಯಲ್ಲಿರೋ ಚಾಸಿ ನಂಬರನ್ನೂ ಗಾಡಿ ಮೇಲೆ ತಾಳೆ ನೋಡಿ.

ಚನ್ನಗಿರಿ ಹುಡುಗ:
ಭಾನುವಾರ ಹೋಗಿದ್ದೆ. ಐಷರ್ ಕವರ್ ಬಿಚ್ಚಿದ್ರೆ ಒಳಗೆ ಒಂದು ಬುಟ್ಟಿ ರಾಗಿ ಹೊಟ್ಟು, ಮಧ್ಯೆ ಇಲಿ ಗೂಡು. ಮಾಲೀಕರಿಗೇ ನಾಚಿಕೆ ಆಯ್ತು, 78 ಸಾವಿರಕ್ಕೆ ಇಳಿದರು. ಹೌಸಿಂಗ್ ಆಯಿಲ್ ಕಪ್ಪಗಿದೆ, ನೀರಿಲ್ಲ. ಚಾಸಿ ನಂಬರ್ ಕೂಡಿತು. ಮುಂಗಡ ಕೊಟ್ಟು ಬಂದೆ.

ಎಚ್‌ಎಂಟಿಯ ಸೈಲೆನ್ಸರಿಗೆ ಒಂದು ಡಬ್ಬಿ ಮುಚ್ಚಿ ಬಂದಿದ್ದೇನೆ. ಯಾಕೆ ಅಂತ ಕೇಳಬೇಡಿ.